ಲಿಫ್ಟ್ ಏಳುತ್ತಿಲ್ಲ, ಇಳಿಯುತ್ತಿಲ್ಲ: ಹಳೇ ಮ್ಯಾಸಿಯ ಹೊಟ್ಟೆಯೊಳಗೆ ಏನಾಗಿದೆ?

ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತ ಟ್ರ್ಯಾಕ್ಟರನ್ನು ಎಬ್ಬಿಸುವ ದಿನ ಎಲ್ಲರ ಕಣ್ಣೂ ಎಂಜಿನ್ ಮೇಲಿರುತ್ತದೆ. ಬ್ಯಾಟರಿ ಹೊಸದು ಬಂತು, ಡೀಸೆಲ್ ಫಿಲ್ಟರ್ ಬದಲಾಯಿತು, ಏರ್ ತೆಗೆದದ್ದಾಯಿತು, ನಾಲ್ಕು ಸಲ ಕೆಮ್ಮಿ ಐದನೇ ಸಲ ಕರೀ ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಗೆದ್ದೆವು ಅಂದುಕೊಳ್ಳುವಷ್ಟರಲ್ಲಿ ಯಾರೋ ಸೀಟಿನ ಬಲಗಡೆಯ ಲಿವರ್ ಮೇಲಕ್ಕೆಳೆಯುತ್ತಾರೆ. ನೇಗಿಲು, ಕಲ್ಟಿವೇಟರುಗಳನ್ನು ಎತ್ತಿಳಿಸುವ ಹಿಂದಿನ ತೋಳುಗಳು, ಅಂದರೆ ಲಿಫ್ಟ್, ಕದಲುವುದಿಲ್ಲ. ಕೆಲವು ಸಲ ಇದರ ಉಲ್ಟಾ: ಒಮ್ಮೆ ಎದ್ದ ಕಲ್ಟಿವೇಟರ್ ಮತ್ತೆ ಇಳಿಯುವುದೇ ಇಲ್ಲ. ಲಿವರ್ ತಳದವರೆಗೆ ಒತ್ತಿದರೂ ತ್ರಿಶಂಕುವಿನ ಹಾಗೆ ಗಾಳಿಯಲ್ಲೇ ನಿಂತಿರುತ್ತದೆ.

‘ಪಂಪ್ ಹೋಗಿದೆ’ ಅನ್ನುವ ತೀರ್ಪು ಐದು ನಿಮಿಷದಲ್ಲಿ ಹೊರಬೀಳುತ್ತದೆ. ನಾನು ಕಂಡಷ್ಟರ ಮಟ್ಟಿಗೆ ಪಂಪ್ ಕೊನೆಯ ಆರೋಪಿ. ನಮ್ಮ ಕಡೆಯ ಹಳೇ ಮೇಸ್ತ್ರಿಯೊಬ್ಬರ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ “ಪಂಪ್ ಬಿಚ್ಚಬೇಕೇನೋ ಅಣ್ಣ?” ಅಂತ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: “ಮೊದಲು ಆಯಿಲ್ ತೋರಿಸ್ರಿ ಯಜಮಾನ್ರೆ.” ಅವರು ಹಾಗೆ ಕೇಳುವುದು ಏಕೆ ಅಂತ ತಿಳಿಯಬೇಕಾದರೆ ಈ ಟ್ರ್ಯಾಕ್ಟರಿನ ಲಿಫ್ಟ್ ಕೆಲಸ ಮಾಡುವ ಬಗೆ ಗೊತ್ತಿರಬೇಕು. ಇಲ್ಲಿ ಹೇಳುತ್ತಿರುವುದು ಮ್ಯಾಸಿ ಫರ್ಗುಸನ್ 35 ಮತ್ತು ಅದರ ವಂಶದ ಟ್ರ್ಯಾಕ್ಟರುಗಳ ಬಗ್ಗೆ. 1960ರಲ್ಲಿ ಮದ್ರಾಸಿನಲ್ಲಿ ಶುರುವಾದ ಟ್ಯಾಫೆ ಕಂಪನಿಯ 1035 ಕೂಡ ಇದೇ ವಂಶದ್ದು. ಕರ್ನಾಟಕದ ಯಾವ ತಾಲ್ಲೂಕಿಗೆ ಹೋದರೂ ಒಂದಾದರೂ ಹಳೇ ಕೆಂಪು ಮ್ಯಾಸಿ ಕಣ್ಣಿಗೆ ಬೀಳುತ್ತದೆ.

ಇದರ ಮೂಲ ಐರ್ಲೆಂಡಿನ ಹ್ಯಾರಿ ಫರ್ಗುಸನ್. 1909ರ ಕೊನೆಯ ದಿನ ತಾನೇ ಕಟ್ಟಿದ ವಿಮಾನ ಹಾರಿಸಿದ ಆಸಾಮಿ. ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರ್ಯಾಕ್ಟರ್ ಉಳುಮೆ ಹೇಗಿತ್ತೆಂದರೆ, ನೇಗಿಲನ್ನು ಎತ್ತಿನ ಗಾಡಿಯಂತೆ ಸರಪಳಿಯಲ್ಲಿ ಹಿಂದಕ್ಕೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ತಗುಲಿದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಓಡಿಸುವವನ ಮೇಲೇ ಮಗುಚಿಕೊಳ್ಳುತ್ತಿತ್ತು. ಫರ್ಗುಸನ್ ನೇಗಿಲನ್ನು ಮೂರು ಕಡೆ ಹಿಡಿದುಕೊಳ್ಳುವ ವ್ಯವಸ್ಥೆ ಮಾಡಿದ: ಕೆಳಗೆ ಎರಡು ತೋಳು, ಮೇಲೊಂದು ಟಾಪ್ ಲಿಂಕ್. ನೇಗಿಲು ಮಣ್ಣಿನಲ್ಲಿ ಬಿಗಿಯಾದಷ್ಟೂ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡಕ್ಕೆ ಮೂತಿ ಮೇಲೇಳುವುದಿಲ್ಲ. ಇಷ್ಟಕ್ಕೇ ಬಿಡದೆ ಆ ಒತ್ತಡವನ್ನು ಒಂದು ದಪ್ಪ ಸ್ಪ್ರಿಂಗ್ ಮೂಲಕ ಹೈಡ್ರಾಲಿಕ್ ವಾಲ್ವಿಗೇ ಜೋಡಿಸಿದ. ಮಣ್ಣು ಗಟ್ಟಿಯಾದರೆ ಸ್ಪ್ರಿಂಗ್ ಕುಗ್ಗಿ ವಾಲ್ವ್ ಸರಿದು ನೇಗಿಲು ಚೂರು ಮೇಲೇಳುತ್ತದೆ, ಸಡಿಲಾದರೆ ಚೂರು ಇಳಿಯುತ್ತದೆ. ಡ್ರಾಫ್ಟ್ ಕಂಟ್ರೋಲ್ ಅನ್ನುವುದು ಇದನ್ನೇ. ಎತ್ತಿನ ಉಳುಮೆಯಲ್ಲಿ ಮೇಳಿ ಹಿಡಿದವನ ಕೈ ಮಾಡುತ್ತಿದ್ದ ಕೆಲಸ.

ಈ ಲಿಫ್ಟ್ ಹೊತ್ತ ಟಿಇ20 ಮಾದರಿ 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಐದು ಲಕ್ಷಕ್ಕೂ ಮೀರಿ ತಯಾರಾಯಿತು. ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ಮುಟ್ಟಿದ್ದು ಈ ಟ್ರ್ಯಾಕ್ಟರುಗಳ ಮೇಲೇ. ಅದು ಎಂಜಿನ್ನಿನ ಸಾಹಸ. ನಮಗೆ ಬೇಕಾದ್ದು ಸೀಟಿನ ಕೆಳಗಿನ ಭಾಗ.

ಅಲ್ಲಿ ಗೇರ್ ಬಾಕ್ಸ್, ಹಿಂದಿನ ಆಕ್ಸಲ್, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್, ಸುಮಾರು 30 ಲೀಟರ್. ನಾಲ್ಕು ಪಿಸ್ಟನ್ನಿನ ಪಂಪ್ ಆ ಆಯಿಲಿನಲ್ಲಿ ಮುಳುಗಿಯೇ ಇರುತ್ತದೆ. ಅದನ್ನು ತಿರುಗಿಸುವುದು ಪಿಟಿಓ ಶಾಫ್ಟ್, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ಒಯ್ಯುವ ದಂಡ. ಹೊರಗಿನಿಂದ ಕಾಣುವ ತೋಳುಗಳನ್ನು ಎತ್ತುವುದು ಸೀಟಿನ ಕೆಳಗಿನ ಟಾಪ್ ಕವರಿನೊಳಗಿರುವ ಒಂದೇ ಸಿಲಿಂಡರ್, ಒಂದೇ ಪಿಸ್ಟನ್. ಈ ಪಿಸ್ಟನ್ನಿಗೆ ಎತ್ತುವುದು ಮಾತ್ರ ಗೊತ್ತು. ಇಳಿಯಬೇಕಾದರೆ ನೇಗಿಲಿನ ಭಾರವೇ ಆಯಿಲನ್ನು ಹೊರಕ್ಕೆ ಹಿಂಡಬೇಕು. ಆದ್ದರಿಂದ ಬರಿದಾದ ತೋಳುಗಳು ಇಳಿಯಲಿಲ್ಲ ಅಂತ ಗಾಬರಿ ಬೀಳಬೇಡಿ. ಚಳಿಗಾಲದ ಬೆಳಿಗ್ಗೆ, ದಪ್ಪ ಆಯಿಲಿನಲ್ಲಿ, ಭಾರವಿಲ್ಲದ ತೋಳುಗಳು ಹಾಗೇ ನಿಲ್ಲುವುದುಂಟು.

ಇನ್ನು ಮುಖ್ಯ ಪಾತ್ರಧಾರಿ, ಕಂಟ್ರೋಲ್ ವಾಲ್ವ್. ಬೇರೆ ಹೆಚ್ಚಿನ ಯಂತ್ರಗಳಲ್ಲಿ ಪಂಪಿನಿಂದ ಹೊರಬರುವ ಆಯಿಲನ್ನು ವಾಲ್ವ್ ಹಂಚುತ್ತದೆ. ಫರ್ಗುಸನ್ ಪದ್ಧತಿಯಲ್ಲಿ ವಾಲ್ವ್ ಕೂತಿರುವುದು ಪಂಪಿನ ಬಾಯಲ್ಲಿ. ಪಂಪಿಗೆ ಆಯಿಲ್ ಕುಡಿಯಲು ಬಿಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಅದೇ. ಲಿವರ್ ಮೇಲೆತ್ತಿದರೆ ವಾಲ್ವ್ ಒಂದು ಕಡೆ ಸರಿದು ಬಾಯಿ ತೆರೆಯುತ್ತದೆ, ಪಂಪ್ ಆಯಿಲ್ ಎಳೆದು ಸಿಲಿಂಡರಿಗೆ ನೂಕುತ್ತದೆ. ನಡುವೆ ನಿಂತರೆ ಒಳದಾರಿ, ಹೊರದಾರಿ ಎರಡೂ ಬಂದ್. ಪಂಪ್ ಬರಿದೇ ತಿರುಗುತ್ತಿರುತ್ತದೆ, ಸಿಲಿಂಡರಿನ ಆಯಿಲ್ ಸೆರೆಯಾಗಿ ನೇಗಿಲು ಎತ್ತಿದಲ್ಲೇ ನಿಲ್ಲುತ್ತದೆ. ಲಿವರ್ ಇಳಿಸಿದರೆ ವಾಲ್ವ್ ಇನ್ನೊಂದು ಕಡೆ ಸರಿದು ಹೊರದಾರಿ ತೆರೆಯುತ್ತದೆ.

ವಾಲ್ವ್ ಅಂದರೆ ಬೆರಳು ಗಾತ್ರದ ನುಣುಪಾದ ಉಕ್ಕಿನ ಕಡ್ಡಿ. ಅದು ಓಡಾಡುವ ತೂತು ಅದರ ಅಳತೆಗೇ ಕೊರೆದದ್ದು, ನಡುವಿನ ಸಂದು ತಲೆಗೂದಲಿಗಿಂತ ಕಡಿಮೆ. ಆಯಿಲ್ ಶುದ್ಧವಾಗಿದ್ದರೆ ಕಿರುಬೆರಳಿನಲ್ಲಿ ತಳ್ಳಿದರೂ ಸರಿಯುತ್ತದೆ. ಆ ಸಂದಿನಲ್ಲಿ ಒಂದು ಪದರ ತುಕ್ಕು ಕೂತರೆ ಸಾಕು, ಕದಲುವುದಿಲ್ಲ. ಈ ಅಪಾಯ ಮೊದಲೇ ಗೊತ್ತಿದ್ದರಿಂದ 35ರ ಪಂಪಿನಲ್ಲಿ ವಾಲ್ವನ್ನು ಸದಾ ಸಣ್ಣಗೆ ಅಲುಗಾಡಿಸುತ್ತಿರುವ ಏರ್ಪಾಡೊಂದನ್ನು ಇಟ್ಟಿದ್ದಾರೆ. ಟ್ರ್ಯಾಕ್ಟರ್ ದಿನಾ ಓಡುತ್ತಿದ್ದರೆ ಆ ನಡುಕವೇ ವಾಲ್ವನ್ನು ಕಾಯುತ್ತದೆ. ನಿಂತ ಟ್ರ್ಯಾಕ್ಟರಿನಲ್ಲಿ ಅದೂ ನಿಂತಿರುತ್ತದೆ.

ತುಕ್ಕು ಬರುವುದು ನೀರಿನಿಂದ. ಗೇರ್ ಲಿವರಿನ ಬುಡದ ರಬ್ಬರ್ ಟೋಪಿ ಹರಿದಿರುತ್ತದೆ, ಬಯಲಲ್ಲಿ ನಿಲ್ಲಿಸಿದಾಗ ಮಳೆನೀರು ಲಿವರ್ ಗುಂಟ ನೇರ ಆಯಿಲಿಗೆ ಇಳಿಯುತ್ತದೆ. ಭತ್ತದ ಗದ್ದೆಯಲ್ಲಿ ಕೇಜ್‌ವೀಲ್ (ಕಬ್ಬಿಣದ ಪಂಜರದಂಥ ಚಕ್ರ) ಹಾಕಿ ಕೆಸರು ಮಾಡುವಾಗ ಆಕ್ಸಲ್ ಮಟ್ಟ ನೀರಿನಲ್ಲಿರುತ್ತದೆ, ಸವೆದ ಸೀಲುಗಳು ಅದನ್ನು ಒಳಗೆ ಬಿಡುತ್ತವೆ. ಹಬ್ಬದ ಹಿಂದಿನ ದಿನ ಕೆರೆಗಿಳಿಸಿ ತೊಳೆಯುವ ಅಭ್ಯಾಸ ಬೇರೆ. ಇದ್ಯಾವುದೂ ಇಲ್ಲದಿದ್ದರೂ, ಹಗಲು ಕಾದು ರಾತ್ರಿ ತಣ್ಣಗಾಗುವ ಕಬ್ಬಿಣದ ಪೆಟ್ಟಿಗೆಯ ಒಳಗೋಡೆಯಲ್ಲಿ ಗಾಳಿಯ ತೇವವೇ ಹನಿಗಟ್ಟಿ ಇಳಿಯುತ್ತದೆ. ನೀರು ಆಯಿಲಿಗಿಂತ ಭಾರ, ತಳ ಸೇರುತ್ತದೆ. ಪಂಪ್, ವಾಲ್ವ್ ಇರುವುದೂ ಆ ತಳಭಾಗದಲ್ಲೇ.

ಈಗ ಮೇಸ್ತ್ರಿಯ ಮಾತಿಗೆ ಬರೋಣ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಜೇನಿನ ಬಣ್ಣವಿದ್ದರೆ ಸರಿ. ಹಾಲು ಹೆಚ್ಚಾದ ಕಾಫಿಯ ಬಣ್ಣವಿದ್ದರೆ ನೀರು ಕಡೆದು ಸೇರಿಹೋಗಿದೆ. ಅನುಮಾನವಾದರೆ ಒಲೆಯ ಮೇಲೆ ಹಳೇ ಕಬ್ಬಿಣದ ಸೌಟು ಚೆನ್ನಾಗಿ ಕಾಯಿಸಿ, ಒಲೆಯಿಂದ ಇಳಿಸಿ, ಮುಖ ದೂರವಿಟ್ಟು ಎರಡು ಹನಿ ಆಯಿಲ್ ಬಿಡಿ. ಸುಮ್ಮನೆ ಹರಡಿ ಹೊಗೆಯಾಡಿದರೆ ನೀರಿಲ್ಲ. ಒಗ್ಗರಣೆಯ ಸಾಸಿವೆಯ ಹಾಗೆ ಚಟಪಟ ಅಂದರೆ ನೀರಿದೆ. ಇನ್ನೊಂದು ಉಪಾಯ: ಟ್ರ್ಯಾಕ್ಟರನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಬೆಳಿಗ್ಗೆ ತಳದ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಸಡಿಲಿಸಿ, ಮೊದಲು ಬರುವುದನ್ನು ಗಾಜಿನ ಬಾಟಲಿಯಲ್ಲಿ ಹಿಡಿಯಿರಿ. ನಾನು ಮೊದಲ ಸಲ ಹೀಗೆ ಹಿಡಿದಾಗ ಅರ್ಧ ಬಾಟಲಿವರೆಗೆ ಬಂದದ್ದು ತುಕ್ಕಿನ ಬಣ್ಣದ ಬರೀ ನೀರು.

ನೀರು ಸಿಕ್ಕ ಮಾತ್ರಕ್ಕೆ ಲಿಫ್ಟಿನ ಕಾಯಿಲೆ ಅದೇ ಅಂತ ತೀರ್ಮಾನವಾಗಲಿಲ್ಲ. ಸ್ಪ್ಯಾನರ್ ಹಿಡಿಯುವ ಮೊದಲು ಸೀಟಿನ ಮೇಲೆ ಕೂತೇ ನೋಡಬೇಕಾದವು ಕೆಲವಿವೆ. ಪಂಪನ್ನು ತಿರುಗಿಸುವುದು ಪಿಟಿಓ ಎಂದೆನಲ್ಲ, ಆ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಪಂಪ್ ತಿರುಗುವುದೇ ಇಲ್ಲ. ಹೊಸ ಟ್ರ್ಯಾಕ್ಟರ್ ಓಡಿಸಿ ಅಭ್ಯಾಸವಾದವರು ಇಲ್ಲೇ ಎಡವುತ್ತಾರೆ, ಯಾಕೆಂದರೆ ಅವುಗಳಲ್ಲಿ ಪಿಟಿಓಗೂ ಲಿಫ್ಟಿಗೂ ಈ ಗಂಟು ಇರುವುದಿಲ್ಲ. 35ರ ಪಿಟಿಓ ಲಿವರಿಗೆ ಇನ್ನೊಂದು ಜಾಗವೂ ಇದೆ, ಚಕ್ರದ ವೇಗಕ್ಕೆ ತಕ್ಕಂತೆ ಪಿಟಿಓ ತಿರುಗುವ ಗ್ರೌಂಡ್ ಸ್ಪೀಡ್. ಅದರಲ್ಲಿದ್ದರೆ ನಿಂತಾಗ ಲಿಫ್ಟ್ ಸತ್ತಂತೆ, ಗಾಡಿ ಹೊರಟರೆ ಜೀವ ಬಂದಂತೆ. ಭೂತಚೇಷ್ಟೆ ಅನ್ನಿಸುವ ಈ ದೂರಿನ ಹಿಂದೆ ಇರುವುದು ಒಂದು ಲಿವರ್. ಕ್ಲಚ್ ಮೇಲಿನ ಕಾಲೂ ಹಾಗೇ: ಡಬಲ್ ಕ್ಲಚ್ ಇರುವ ಗಾಡಿಯಲ್ಲಿ ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಂಪೂ ನಿಲ್ಲುತ್ತದೆ.

ಬಲಗಡೆಯ ಕಮಾನಿನಲ್ಲಿರುವ ಎರಡು ಲಿವರುಗಳ ವಿಷಯವೂ ಇದೆ. ಒಂದು ಡ್ರಾಫ್ಟ್, ಇನ್ನೊಂದು ಪೊಸಿಷನ್. ಒಂದು ಮಣ್ಣಿನ ಬಿಗಿಗೆ ತಕ್ಕಂತೆ ಎತ್ತಿಳಿಸುತ್ತದೆ, ಇನ್ನೊಂದು ನೀವು ಹೇಳಿದ ಎತ್ತರದಲ್ಲಿ ಹಿಡಿದಿಡುತ್ತದೆ. ಎರಡೂ ಕೊನೆಗೆ ಮುಟ್ಟುವುದು ಅದೇ ಒಂದು ವಾಲ್ವನ್ನು. ಡ್ರಾಫ್ಟ್ ಲಿವರ್ ಕೆಳಗೆ ಬಿಟ್ಟು ಪೊಸಿಷನ್ ಲಿವರನ್ನು ಎಷ್ಟು ಎಳೆದರೂ ಲಿಫ್ಟ್ ಏಳುವುದಿಲ್ಲ, ಒಬ್ಬ ಎತ್ತು ಅಂದರೆ ಇನ್ನೊಬ್ಬ ಇಳಿಸು ಅನ್ನುತ್ತಿರುತ್ತಾನೆ. ಕಮಾನಿನ ಮೇಲೆ ಗುರುತುಗಳಿವೆ. ಇಪ್ಪತ್ತು ವರ್ಷದ ಬಣ್ಣದ ಕೆಳಗೆ ಮುಚ್ಚಿಹೋಗಿದ್ದರೆ ತಂತಿ ಬ್ರಶ್ ಹಾಕಿ ಉಜ್ಜಿ. ಟ್ರೇಲರ್ ಎತ್ತಲು ಆಯಿಲ್ ಪೈಪ್ ಕೂಡಿಸಿದ್ದರೆ ಅದರ ಕಾಕ್ ಯಾವ ಕಡೆಗಿದೆ ಅಂತಲೂ ನೋಡಿ.

ಆಮೇಲೆ ನಿಜವಾಗಿ ಸಿಕ್ಕಿಕೊಂಡದ್ದು ಏನು ಅಂತ ಬೇರ್ಪಡಿಸಿ. ಲಿವರೇ ಕೈಗೆ ಬಗ್ಗದಿದ್ದರೆ ಕಾಯಿಲೆ ಹೆಚ್ಚಾಗಿ ಹೊರಗೇ ಇದೆ: ಕಮಾನಿನ ವಾಶರುಗಳಲ್ಲಿ ತುಕ್ಕು, ಶಾಫ್ಟಿನ ಸಂದಿನಲ್ಲಿ ಒಣಗಿದ ಮಣ್ಣು. ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಗ್ರೀಸ್ ಹಚ್ಚಿದರೆ ಮುಗಿಯಿತು. ಲಿವರ್ ಸಲೀಸಾಗಿ ಓಡಾಡಿ ತೋಳುಗಳು ಮಾತ್ರ ಕೇಳದಿದ್ದರೆ ಕಾಯಿಲೆ ಒಳಗಿದೆ. ತೋಳುಗಳು ಎದ್ದು, ನಿಂತಲ್ಲಿ ನಿಲ್ಲದೆ, ಕೋಲೆ ಬಸವನ ಹಾಗೆ ಕ್ಷಣಕ್ಕೊಮ್ಮೆ ತಲೆಯಾಡಿಸುತ್ತಿದ್ದರೆ ಅದು ಸಿಕ್ಕಿಕೊಂಡದ್ದಲ್ಲ, ಸೋರಿಕೆ. ಪಿಸ್ಟನ್ನಿನ ಸೀಲು, ಪಂಪಿನಿಂದ ಮೇಲಕ್ಕೆ ಆಯಿಲ್ ಒಯ್ಯುವ ಪೈಪಿನ ಓ ರಿಂಗು (ರಬ್ಬರ್ ಬಳೆ), ಗೀರು ಬಿದ್ದ ವಾಲ್ವ್, ಇವುಗಳಲ್ಲೊಂದು ಆಯಿಲನ್ನು ಬಿಟ್ಟುಕೊಡುತ್ತಿರುತ್ತದೆ. ತೋಳು ಜಾರುತ್ತದೆ, ವಾಲ್ವ್ ಮತ್ತೆ ಎತ್ತುತ್ತದೆ, ಮತ್ತೆ ಜಾರುತ್ತದೆ. ಅದಕ್ಕೆ ಮದ್ದು ಬೇರೆ.

ಡ್ರಾಫ್ಟಿನಲ್ಲಿ ಮಾತ್ರ ತೊಂದರೆ, ಪೊಸಿಷನ್‌ನಲ್ಲಿ ಎಲ್ಲ ಸರಿ ಅನ್ನುವವರು ಹಿಂದೆ ಹೋಗಿ ಟಾಪ್ ಲಿಂಕಿನ ಪಿನ್ ಕೂರುವ ಕೊಂಡಿಯನ್ನು ಹಿಡಿದು ಜಗ್ಗಿ, ತಳ್ಳಿ ನೋಡಿ. ಅದರ ಹಿಂದಿರುವುದೇ ಮಣ್ಣಿನ ಬಿಗಿ ಅಳೆಯುವ ಸ್ಪ್ರಿಂಗ್. ಕೊಂಡಿ ಹಿಂದೆ ಮುಂದೆ ಲೊಡಲೊಡ ಅಂದರೆ ಸ್ಪ್ರಿಂಗಿನ ಹೊಂದಾಣಿಕೆ ಸಡಿಲಾಗಿದೆ. ತುಕ್ಕು ಕಟ್ಟಿ ಗೂಟದ ಹಾಗೆ ನಿಂತುಬಿಟ್ಟಿದ್ದರೆ ಮಣ್ಣಿನ ಸುದ್ದಿ ವಾಲ್ವಿಗೆ ತಲುಪುತ್ತಿಲ್ಲ.

ಒಳಗಿನ ಕಾಯಿಲೆ ಅಂತ ಖಾತ್ರಿಯಾದ ಮೇಲೆ, ಕೈ ಹಾಕುವ ಮೊದಲು ಒಂದು ಮಾತು. ಇದನ್ನು ಹಗುರವಾಗಿ ತೆಗೆದುಕೊಂಡು ಕೈಕಾಲು ಕಳೆದುಕೊಂಡವರಿದ್ದಾರೆ. ಎತ್ತಿ ನಿಂತ ರೋಟವೇಟರನ್ನು ಹಿಡಿದಿರುವುದು ಸೆರೆಯಾದ ಒಂದಿಷ್ಟು ಆಯಿಲ್ ಮಾತ್ರ. ವಾಲ್ವಿನ ಹೊರದಾರಿ ತೆರೆಯಲು ಎಂಜಿನ್ ಓಡುತ್ತಿರಬೇಕಿಲ್ಲ, ಸಿಕ್ಕಿಕೊಂಡ ವಾಲ್ವ್ ಬಿಟ್ಟುಕೊಂಡ ಗಳಿಗೆಯಲ್ಲೇ ಅಷ್ಟೂ ಭಾರ ಕೆಳಗೆ ಬೀಳುತ್ತದೆ. ಹಾಗಾಗಿ ಮೊದಲು ಉಪಕರಣದ ಕೆಳಗೆ ದಪ್ಪ ಮರದ ದಿಮ್ಮಿಗಳನ್ನು ಒಟ್ಟಿ ಭಾರ ಅವುಗಳ ಮೇಲೆ ಕೂರುವಂತೆ ಮಾಡಿ. ಇಟ್ಟಿಗೆ ಬೇಡ, ಒಡೆಯುತ್ತದೆ. ಬರೀ ಜಾಕನ್ನೂ ನಂಬಬೇಡಿ. ಟಾಪ್ ಕವರಿನೊಳಗೂ ಒಂದು ತೋಳಿದೆ, ಹೊರಗಿನದು ಬಿದ್ದರೆ ಅದೂ ಬೀಳುತ್ತದೆ. ಎಂಜಿನ್ ನಿಲ್ಲಿಸಿ, ಬ್ಯಾಟರಿಯ ವಯರ್ ತೆಗೆದ ಮೇಲೇ ಕೈ ಒಳಗೆ ಹೋಗಬೇಕು.

ಆಯಿಲಿನಲ್ಲಿ ನೀರಿಲ್ಲ, ಬರೀ ದಪ್ಪಗಾಗಿ ನಿಂತಿದೆ ಅಂತಾದರೆ ಏನನ್ನೂ ಬಿಚ್ಚದೆ ಒಮ್ಮೆ ಪ್ರಯತ್ನಿಸಬಹುದು. ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್ ತಾನೇ, ಹಿಂದೆ ಏನನ್ನೂ ಕಟ್ಟದೆ ಅರ್ಧ ಗಂಟೆ ಗಾಡಿ ಓಡಿಸಿದರೆ ಆಯಿಲ್ ಕಾಯುತ್ತದೆ. ಆಮೇಲೆ ನಿಲ್ಲಿಸಿ, ಪಿಟಿಓ ಹಾಕಿ, ಲಿವರನ್ನು ಮೇಲಿನ ತುದಿಯಿಂದ ಕೆಳಗಿನ ತುದಿಗೆ ಇಪ್ಪತ್ತು ಮೂವತ್ತು ಸಲ ಆಡಿಸಿ. ಬರೀ ಅಂಟಿಕೊಂಡಿದ್ದ ವಾಲ್ವ್ ಇಷ್ಟಕ್ಕೇ ಬಿಟ್ಟುಕೊಳ್ಳುವುದುಂಟು. ಆಯಿಲ್ ಕಾಫಿಯಾಗಿದ್ದರೆ ಈ ಆಟ ಬೇಡ, ಅದೇ ನೀರು ಗೇರು, ಬೇರಿಂಗುಗಳನ್ನೂ ತಿನ್ನುತ್ತದೆ.

ಆಯಿಲಿನಲ್ಲಿ ನೀರಿದ್ದರೆ, ಇಲ್ಲವೇ ಹೀಗೆ ಆಡಿಸಿದರೂ ವಾಲ್ವ್ ಬಿಡದಿದ್ದರೆ, ಆಯಿಲ್ ಪೂರ್ತಿ ಇಳಿಸಿ. ಡ್ರೈನ್ ಬೋಲ್ಟ್ ಒಂದೇ ಅಂದುಕೊಳ್ಳಬೇಡಿ, ತಳವಿಡೀ ತಡಕಾಡಿ. ಬಲಗಡೆ ಡಿಪ್‌ಸ್ಟಿಕ್ ಕೂರುವ ಪಕ್ಕದ ಮುಚ್ಚಳವನ್ನು ಬೋಲ್ಟ್ ಕಳಚಿ ತೆಗೆದರೆ ಕೈ ಹೋಗುವಷ್ಟು ಕಿಟಕಿ ಸಿಗುತ್ತದೆ. ಟಾರ್ಚ್ ಬಿಟ್ಟರೆ ಪಂಪಿನ ಮೈ, ಮೇಲಿನಿಂದ ಇಳಿದ ಒಂದು ಉದ್ದನೆಯ ತೋಳು, ಅದರ ತುದಿ ಹಿಡಿದಿರುವ ವಾಲ್ವಿನ ಬಾಲ ಕಾಣುತ್ತದೆ. ಎಂಜಿನ್ ನಿಂತಿರುವಾಗಲೇ ಇನ್ನೊಬ್ಬರನ್ನು ಸೀಟಿನ ಹತ್ತಿರ ನಿಲ್ಲಿಸಿ ಲಿವರ್ ಆಡಿಸಲು ಹೇಳಿ, ನೀವು ಬೆರಳು ಹೊರಗಿಟ್ಟು ಕಣ್ಣಲ್ಲಿ ನೋಡಿ. ತೋಳೇ ಅಲುಗಾಡದಿದ್ದರೆ ತಪ್ಪು ಮೇಲಿನ ಜೋಡಣೆಯಲ್ಲಿದೆ: ಸ್ಪ್ರಿಂಗ್ ಮುರಿದಿರಬಹುದು, ಪಿನ್ ಕಳಚಿರಬಹುದು. ಟಾಪ್ ಕವರ್ ತೆಗೆಯದೆ ಬೇರೆ ದಾರಿಯಿಲ್ಲ. ತೋಳು ತಳ್ಳಲು ಒದ್ದಾಡುತ್ತಿದೆ, ವಾಲ್ವ್ ಮಾತ್ರ ಜಗ್ಗುತ್ತಿಲ್ಲ ಅಂದರೆ ಕಳ್ಳ ಸಿಕ್ಕ.

ಇಲ್ಲಿಂದ ಮುಂದೆ ಬೇಕಾದ್ದು ಶಕ್ತಿಯಲ್ಲ, ಪುರುಸೊತ್ತು. ತುಕ್ಕು ಬಿಡಿಸುವ ಸ್ಪ್ರೇಯನ್ನು ಸಣ್ಣ ನಳಿಕೆಯಿಂದ ವಾಲ್ವಿನ ಬಾಲದ ಸುತ್ತ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಬೆರಳಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ. ಮೊದಮೊದಲು ಏನೂ ಆಗುವುದಿಲ್ಲ, ಮತ್ತೆ ಸ್ಪ್ರೇ, ಮತ್ತೆ ತಳ್ಳು. ಒಂದು ಹಂತದಲ್ಲಿ ಕೂದಲೆಳೆಯಷ್ಟು ಸರಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಅರ್ಧ ಗಂಟೆಯಲ್ಲಿ ಸಲೀಸಾಗಿ ಓಡಾಡಬೇಕು. ಬಾಲಕ್ಕೆ ಸುತ್ತಿಗೆ ಪೆಟ್ಟು ಹಾಕಿದವರು, ಎಮೆರಿ ಪೇಪರ್ ತಿಕ್ಕಿದವರು ಕೋಲೆ ಬಸವನನ್ನು ತಾವೇ ಮನೆಗೆ ಕರೆದಂತೆ. ಸಂದು ಚೂರು ದೊಡ್ಡದಾದರೂ ಆಯಿಲ್ ಸೋರುತ್ತದೆ, ಏಕೆಂದರೆ ಭಾರ ಎತ್ತುವಾಗ ಒಳಗಿನ ಒತ್ತಡ ಚದರ ಇಂಚಿಗೆ 2000 ಪೌಂಡ್ ದಾಟುತ್ತದೆ.

ಎರಡು ದಿನ ನೆನೆಸಿದರೂ ಬಿಡದಿದ್ದರೆ ಪಂಪ್ ಹೊರಗೆ ಬರಬೇಕು. ಟಾಪ್ ಕವರನ್ನು ಚೈನ್ ಬ್ಲಾಕ್ ಹಾಕಿ ಎತ್ತಿ, ಪಿಟಿಓ ಶಾಫ್ಟ್ ಹಿಂದಕ್ಕೆಳೆದು ಮಾಡುವ ಕೆಲಸ ಅದು. ಎತ್ತುವ ಮೊದಲು ಆಯಿಲ್ ಪೈಪನ್ನು ಮೇಲಿನಿಂದ ಕಳಚಿಕೊಳ್ಳಬೇಕು, ಮರೆತು ಎತ್ತಿದರೆ ಪೈಪ್ ಬಗ್ಗುತ್ತದೆ. ಈ ಸಂಪ್ರದಾಯ ಬಲ್ಲ ಮೇಸ್ತ್ರಿಗೆ ಒಪ್ಪಿಸುವುದೇ ಜಾಣತನ. ಕವರ್ ಹೇಗೂ ತೆರೆದಿದೆ ಅಂತಾದರೆ ಸಿಲಿಂಡರಿನ ಸೀಲು, ಪೈಪಿನ ಓ ರಿಂಗುಗಳನ್ನು ಹೊಸದು ಹಾಕಿಸಿಬಿಡಿ. ಅವುಗಳ ಬೆಲೆಗಿಂತ ಇನ್ನೊಮ್ಮೆ ಬಿಚ್ಚುವ ಕೂಲಿ ಹೆಚ್ಚು.

ಒಳಗೆಲ್ಲ ತೊಳೆಯುವ ವಿಷಯದಲ್ಲಿ ಗ್ಯಾರೇಜುಗಳಲ್ಲಿ ಜಗಳವೇ ಇದೆ. ಬರೀ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿಸಿ ಗಾಡಿ ಓಡಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗೇರುಗಳಿಗೆ ಅದು ಬರಿಗಾಲಲ್ಲಿ ಕಲ್ಲಿನ ಮೇಲೆ ಓಡಿದಂತೆ. ಕಿಟಕಿಯಿಂದ ಡೀಸೆಲ್ ಎರಚಿ, ಬ್ರಶ್ಶಿನಲ್ಲಿ ತಳದ ಕೆಸರು ಬಳಿದು, ಹತ್ತಿಬಟ್ಟೆಯಲ್ಲಿ ಒರೆಸಿ ತೆಗೆದರೆ ಸಾಕು. ಪಂಪ್ ಆಯಿಲ್ ಎಳೆಯುವ ಕಡೆಯ ಜಾಲರಿಯನ್ನೂ ಸ್ವಚ್ಛ ಮಾಡಿ. ಹೊಸ ಆಯಿಲ್ ಟ್ರ್ಯಾನ್ಸ್‌ಮಿಷನ್, ಹೈಡ್ರಾಲಿಕ್ ಎರಡಕ್ಕೂ ಆಗುವಂಥದ್ದೇ ಇರಬೇಕು. ಹಳೇ ಗಾಡಿ ಸದ್ದು ಮಾಡುತ್ತದೆ ಅಂತ ಬೆಲ್ಲದ ಪಾಕದಂಥ ದಪ್ಪ ಗೇರ್ ಆಯಿಲ್ ಸುರಿಯುವವರುಂಟು. ವಾಲ್ವ್ ಇರುವುದು ಪಂಪಿನ ಬಾಯಲ್ಲಿ ಅಂದೆನಲ್ಲ, ಅಷ್ಟು ದಪ್ಪದ್ದನ್ನು ಆ ಸಣ್ಣ ಬಾಯಿಂದ ಎಳೆಯಲು ಪಂಪಿಗೆ ಕಷ್ಟ, ಚಳಿಯ ಬೆಳಿಗ್ಗೆಯಂತೂ ಲಿಫ್ಟ್ ತೂಕಡಿಸುತ್ತದೆ.

ಮುಚ್ಚಳಕ್ಕೆ ಹೊಸ ಪ್ಯಾಕಿಂಗ್, ಗೇರ್ ಲಿವರಿಗೆ ಹೊಸ ರಬ್ಬರ್ ಟೋಪಿ ಹಾಕಿ, ಹಗುರ ಕುಂಟೆಯೊಂದನ್ನು ಕಟ್ಟಿ ಎತ್ತಿ ಇಳಿಸಿ ನೋಡಿ. ಕೆಲಸವಿಲ್ಲದ ತಿಂಗಳುಗಳಲ್ಲೂ ಹದಿನೈದು ದಿನಕ್ಕೊಮ್ಮೆ ಎಂಜಿನ್ ಹಾಕಿ ಪಿಟಿಓ ತಿರುಗಿಸಿ ನಾಲ್ಕು ಸಲ ಲಿಫ್ಟ್ ಆಡಿಸಿದರೆ ಆ ನಡುಕದ ಏರ್ಪಾಡು ವಾಲ್ವನ್ನು ನೋಡಿಕೊಳ್ಳುತ್ತದೆ. ನಿಲ್ಲಿಸುವಾಗ ಉಪಕರಣ ನೆಲಕ್ಕಿಳಿದಿರಲಿ.

ಹೊಸ ಆಯಿಲ್ ಹಾಕಿ ಒಂದು ವಾರ ದುಡಿಸಿದ ಮೇಲೆ ಆ ಗಾಜಿನ ಬಾಟಲಿಯನ್ನು ತೊಳೆದು ಒಣಗಿಸಿ ಮತ್ತೆ ಡ್ರೈನ್ ಬೋಲ್ಟಿನ ಕೆಳಗೆ ಹಿಡಿಯಿರಿ. ಮೂಲೆಮುಡುಕಿನಲ್ಲಿ ಉಳಿದ ನೀರು ಒಂದಿಷ್ಟು ಬರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಇನ್ನೊಂದು ವಾರ ಬಿಟ್ಟು ಹಿಡಿದಾಗಲೂ ಅಷ್ಟೇ ಬಂದರೆ ಆಕ್ಸಲ್ಲಿನ ಸೀಲುಗಳ ಕಡೆ ಕಣ್ಣು ಹಾಯಿಸುವ ಕೆಲಸ ಬಾಕಿ ಇದೆ.